ಊರು ತನ್ನನ್ನು ನೋಡಿಕೊಂಡ ಚಾನೆಲ್

ನಮ್ಮ ನರಸಿಂಹರಾಜಪುರದ, ಅಂದರೆ ಎನ್.ಆರ್.ಪುರದ ಪೇಟೆಯಲ್ಲಿ ಕರೆಂಟ್ ಕಂಬಗಳ ಮೇಲೆ ಎರಡು ಕಾಲದ ವೈರುಗಳು ಒಟ್ಟಿಗೆ ಹಾದುಹೋಗಿವೆ. ಒಂದು ದಪ್ಪನೆಯ ಕಪ್ಪು ಟಿವಿ ಕೇಬಲ್, ಇನ್ನೊಂದು ತೆಳ್ಳನೆಯ ಇಂಟರ್ನೆಟ್ ಫೈಬರ್. ಹಳೆಯದರಲ್ಲಿ ಹಲವೆಡೆ ಜೀವವಿಲ್ಲ. ಬಿಚ್ಚಿ ತೆಗೆಯುವವರಿಲ್ಲದೆ ತುಂಡಾದ ತುದಿ ಕಾಡುಬಳ್ಳಿಯ ಜೊತೆ ಸೇರಿಕೊಂಡು ಜೋತುಬಿದ್ದಿದೆ. ಕೊಪ್ಪ, ಶೃಂಗೇರಿ, ಬಾಳೆಹೊನ್ನೂರಿನ ಬೀದಿಗಳಲ್ಲೂ ಇದೇ ನೋಟ. ಮದುವೆ ಮನೆಯಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ, ಸಂತೆಯಲ್ಲಿ ನಾಲ್ಕು ಜನ ಸೇರಿದರೆ ಈಗ ಕೇಳಿಬರುವ ಪ್ರಶ್ನೆಯೂ ಒಂದೇ: ‘ನಿಮ್ಮಲ್ಲಿ ಎಂತ ಹಾಕ್ಸಿದ್ರಿ ಮಾರಾಯ್ರೆ? ಬಿಎಸ್‌ಎನ್‌ಎಲ್ಲಾ, ಜಿಯೋನಾ? ಮಳೆಗಾಲದಲ್ಲಿ ನಿಲ್ತದಾ?’ ಯಾವುದು ವೇಗ, ಯಾವುದು ಅಗ್ಗ, ಯಾವುದರ ಜೊತೆ ಯಾವ ಆ್ಯಪ್ ಉಚಿತ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆ ಲೆಕ್ಕದ ಯಾವ ಸಾಲಿನಲ್ಲೂ ಬಾರದ ಒಂದು ವಸ್ತು ನಮ್ಮ ಊರುಗಳಿಂದ ಹೊರಟುಹೋಗುತ್ತಿದೆ. ಅದು ಕೇಬಲ್ಲಿನವರ ಲೋಕಲ್ ಚಾನೆಲ್. ನಮ್ಮಂಥ ಸಣ್ಣ ಊರು ತನ್ನ ಮುಖವನ್ನು ತಾನೇ ಟಿವಿಯಲ್ಲಿ ನೋಡಿಕೊಂಡದ್ದು ಅದೊಂದರಲ್ಲೇ.

ಮಲೆನಾಡಿನಲ್ಲಿ ಟಿವಿ ಎಂಬುದು ಮೊದಲಿನಿಂದಲೂ ಗುಡ್ಡದ ಜೊತೆಗಿನ ಜಗಳ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಶುರುವಾದಾಗ ಬಯಲುಸೀಮೆಯವರಿಗೆ ಚಾವಣಿಯ ಮೇಲೊಂದು ಆ್ಯಂಟೆನಾ ಸಾಕಾಗುತ್ತಿತ್ತು. ನಮ್ಮಲ್ಲಿ ಮನೆ ಇರುವುದು ಗುಡ್ಡದ ಬುಡದಲ್ಲಿ, ತೋಟದ ತಲೆಗೆ. ಪ್ರಸಾರದ ಅಲೆ ಗುಡ್ಡದ ನೆತ್ತಿಯ ಮೇಲೆಯೇ ಹಾದುಹೋಗುತ್ತಿತ್ತು. ಹಾಗಾಗಿ ಉದ್ದನೆಯ ಬಿದಿರು ಕಡಿದು ತಂದು, ಅದರ ತುದಿಗೆ ಆ್ಯಂಟೆನಾ ಕಟ್ಟಿ, ಮನೆಯಿಂದ ದೂರದ ದಿಬ್ಬದ ಮೇಲೆ ನಿಲ್ಲಿಸಬೇಕಿತ್ತು. ಒಬ್ಬ ದಿಬ್ಬದ ಮೇಲೆ, ಒಬ್ಬ ಅಂಗಳದಲ್ಲಿ, ಒಬ್ಬ ಟಿವಿ ಮುಂದೆ. ಗಾಳಿ ಬಂದು ಬಿದಿರು ತಿರುಗಿತೆಂದರೆ ಆ ಭಾನುವಾರ ರಾಮನೂ ಇಲ್ಲ, ರಾವಣನೂ ಇಲ್ಲ. ಪರದೆಯ ತುಂಬ ಬರೀ ಚುಕ್ಕಿ.

1991ರಲ್ಲಿ ಕೊಲ್ಲಿ ಯುದ್ಧವನ್ನು ಜಗತ್ತು ಉಪಗ್ರಹದ ಮೂಲಕ ನೇರವಾಗಿ ನೋಡಿತು. ಅದೇ ವರ್ಷ ಸ್ಟಾರ್ ಬಂತು, 1992ರಲ್ಲಿ ಜೀ ಬಂತು, 1994ರಲ್ಲಿ ನಮ್ಮ ಭಾಷೆಯ ಉದಯ ಟಿವಿ. ಇವನ್ನು ಹಿಡಿಯಲು ಎಂಟು ಹತ್ತು ಅಡಿಯ ಜಾಲರಿ ಡಿಶ್ ಬೇಕು, ಪ್ರತಿ ಚಾನೆಲ್ಲಿಗೂ ಒಂದೊಂದು ರಿಸೀವರ್ ಬೇಕು. ಒಂದು ಮನೆಗೆ ನಿಲುಕುವ ಖರ್ಚು ಅದಲ್ಲ. ಊರಿನಲ್ಲಿ ರೇಡಿಯೋ ರಿಪೇರಿಯನ್ನೋ ಕ್ಯಾಸೆಟ್ ಅಂಗಡಿಯನ್ನೋ ನಡೆಸುತ್ತಿದ್ದ ಯುವಕರು ಆ ಖರ್ಚಿಗೆ ಧೈರ್ಯ ಮಾಡಿದರು. ಸಾಲ ಮಾಡಿ ಡಿಶ್ ತಂದು ಅಂಗಡಿಯ ಮಹಡಿಯ ಮೇಲೆ ಕೂರಿಸಿದರು. ಕಂಬದಿಂದ ಕಂಬಕ್ಕೆ, ಮಾವಿನ ಮರದಿಂದ ಹಲಸಿನ ಮರಕ್ಕೆ ವೈರು ಎಳೆದರು. ನಡುನಡುವೆ ಬೂಸ್ಟರ್ ಕೂರಿಸಿದರು. ತಿಂಗಳಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿ ಪೇಟೆಯ ಮನೆಗಳಿಗೆ ಜಗತ್ತು ಬಂತು. ಒಂಟಿಮನೆಗಳಿಗೆ ಅವರು ಬರಲಾಗಲಿಲ್ಲ. ಒಂದು ಮನೆಗೋಸ್ಕರ ಮೈಲಿಗಟ್ಟಲೆ ವೈರು ಎಳೆದರೆ ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಕ್ರಿಕೆಟ್ ಇದ್ದ ದಿನ ಹಳ್ಳಿಯವರು ಪೇಟೆಯ ನೆಂಟರ ಮನೆಗೆ ಬರುತ್ತಿದ್ದರು.

ಆ ಯುವಕರಿಗೆ ಊರು ಮನೆಮನೆಯಾಗಿ ಗೊತ್ತಿತ್ತು. ನರಸಿಂಹರಾಜಪುರ ಬಹಳ ಭಾಷೆಗಳ ಊರು. ಕೇರಳದಿಂದ ಬಂದು ರಬ್ಬರ್, ಶುಂಠಿ ಬೆಳೆಯುತ್ತ ನೆಲೆಸಿದ ಕುಟುಂಬಗಳು ಇಲ್ಲಿ ಬೇಕಾದಷ್ಟಿವೆ. ತುಳು, ಕೊಂಕಣಿ, ಬ್ಯಾರಿ, ಉರ್ದು ಮನೆಮಾತಿನವರಿದ್ದಾರೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ತಮಿಳು ಕೇಳುತ್ತದೆ. 1993ರಲ್ಲಿ ಏಷ್ಯಾನೆಟ್ ಶುರುವಾದ ಮೇಲೆ ಮಲಯಾಳಂ ಮನೆಗಳಿಂದ ಅದಕ್ಕೆ ಬೇಡಿಕೆ ಬಂತು. ಕನ್ನಡದವರಿಗೆ ಉದಯ ತಪ್ಪಬಾರದು. ಹಳೆಯ ಟಿವಿಗಳಲ್ಲಿ ಹಿಡಿಯುವ ಚಾನೆಲ್ಲುಗಳೇ ಕೆಲವು. ಯಾವುದನ್ನು ಬಿಟ್ಟರೆ ಯಾವ ಬೀದಿಯವರಿಗೆ ಬೇಸರ, ಯಾವ ಹಬ್ಬದ ದಿನ ಯಾರಿಗೆ ಏನು ಬೇಕು ಎಂಬುದನ್ನೆಲ್ಲ ಕೇಬಲ್ಲಿನವರು ಮನಸ್ಸಿನಲ್ಲಿಟ್ಟುಕೊಂಡು ಹೊಂದಿಸುತ್ತಿದ್ದರು. ಈಗ ನಮ್ಮ ರುಚಿಯನ್ನು ಯಂತ್ರ ಲೆಕ್ಕ ಹಾಕುತ್ತದೆ. ಆಗ ಲೆಕ್ಕ ಹಾಕುತ್ತಿದ್ದವರು ದಾರಿಯಲ್ಲಿ ಸಿಕ್ಕಾಗ ನಿಂತು ಮಾತಾಡಿಸುತ್ತಿದ್ದರು.

ಮಳೆಯ ವಿಷಯಕ್ಕೆ ಬರುತ್ತೇನೆ. ಮಲೆನಾಡಿನಲ್ಲಿ ಏನನ್ನೇ ಅಳೆದರೂ ಕೊನೆಗೆ ಮಳೆಯಲ್ಲೇ ಅಳೆಯಬೇಕು. ಶೃಂಗೇರಿ, ಕೊಪ್ಪದಷ್ಟಲ್ಲದಿದ್ದರೂ ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳು ನಮ್ಮಲ್ಲೂ ದಿನಗಟ್ಟಲೆ ಬಿಡುವು ಕೊಡುವುದಿಲ್ಲ. ಮುಂದೆ ಮನೆಮನೆಗೆ ಬಂದ ಪುಟ್ಟ ಡಿಟಿಎಚ್ ತಟ್ಟೆಗಳು ಹಿಡಿಯುವುದು ಕೆಯು ಬ್ಯಾಂಡ್ ಅಲೆಗಳನ್ನು. ಅವುಗಳ ಆವರ್ತನ 12 ಗಿಗಾಹರ್ಟ್ಜ್ ಹತ್ತಿರ, ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್. ದಪ್ಪ ಹನಿಯ ಮಳೆ ಅದನ್ನು ಹೀರಿಬಿಡುತ್ತದೆ. ಸರಿಯಾಗಿ ಕಥೆ ಬಿಗಿಯಾಗುವ ಹೊತ್ತಿಗೆ ‘ಸಿಗ್ನಲ್ ಇಲ್ಲ’ ಎಂದು ಬರೆದುಕೊಂಡು ಟಿವಿ ಸುಮ್ಮನಾಗುತ್ತದೆ. ಕೇಬಲ್ಲಿನವರ ಜಾಲರಿ ಡಿಶ್ ಹಿಡಿಯುತ್ತಿದ್ದದ್ದು 4 ಗಿಗಾಹರ್ಟ್ಜ್ ಆಸುಪಾಸಿನ ಸಿ ಬ್ಯಾಂಡ್. ಅದರ ಅಲೆ ಏಳೂವರೆ ಸೆಂಟಿಮೀಟರ್ ಉದ್ದ, ಮಳೆಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮರ ಬಿದ್ದು ವೈರು ಕಡಿಯದಿದ್ದರೆ, ಸಿಡಿಲಿಗೆ ಬೂಸ್ಟರ್ ಸುಡದಿದ್ದರೆ, ಕರೆಂಟ್ ಇದ್ದರೆ, ಧೋ ಎಂದು ಸುರಿಯುವ ರಾತ್ರಿಯಲ್ಲೂ ಕೇಬಲ್ ಮನೆಯ ಟಿವಿ ಮಾತಾಡುತ್ತಿತ್ತು. ವೈರು ಕಡಿದರೆ ಮರುದಿನ ಬೆಳಿಗ್ಗೆ ಕೊಪ್ಪೆ ಹಾಕಿಕೊಂಡು ಏಣಿ ಹೊತ್ತು ಬರುವವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಅವರ ಮನೆಯ ಫೋನ್ ನಂಬರು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿರುತ್ತಿತ್ತು.

2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅಪಹರಣವಾದಾಗ ಹೊರಗೆ ಇಂಥದೇ ಮಳೆ. ಅವರು ಬಿಡುಗಡೆಯಾಗುವ ತನಕದ 108 ದಿನಗಳಲ್ಲಿ ಮಳೆಗಾಲ ಮುಗಿದು ಅಡಿಕೆ ಕೊಯ್ಲಿನ ದಿನಗಳೇ ಬಂದವು. ಸಂಜೆ ವಾರ್ತೆಯ ಹೊತ್ತಿಗೆ ಕೇಬಲ್ ಇದ್ದ ಮನೆಗಳ ಜಗಲಿ ತುಂಬಿರುತ್ತಿತ್ತು. ಬಂದವರಿಗೆ ಕಾಫಿ ಮಾಡಿ ಮಾಡಿ ಅಮ್ಮಂದಿರು ಸುಸ್ತಾಗುತ್ತಿದ್ದರು. ಆದರೂ ಯಾರನ್ನೂ ‘ಯಾಕೆ ಬಂದಿರಿ’ ಎಂದು ಕೇಳಿದ್ದಿಲ್ಲ.

ಅಡಿಕೆ ಸುಲಿಯುವ ರಾತ್ರಿಗಳು ನನಗೆ ಇನ್ನೂ ಹತ್ತಿರದ ನೆನಪು. ಹಗಲು ಕೊಯ್ದ ಗೊನೆಯ ಕಾಯನ್ನು ತಡಮಾಡದೆ ಸುಲಿದು ಬೇಯಿಸಬೇಕು. ಊಟ ಮುಗಿಸಿ ಅಕ್ಕಪಕ್ಕದ ಹೆಂಗಸರು ಬರುತ್ತಿದ್ದರು. ಮೆಟ್ಟುಗತ್ತಿಗಳನ್ನು ಸಾಲಾಗಿ ಇಟ್ಟು, ನಡುವೆ ಕಾಯಿ ರಾಶಿ ಸುರಿದು, ಟಿವಿಯನ್ನು ಒಳಗಿಂದ ಎತ್ತಿ ತಂದು ಜಗಲಿಯ ಮೂಲೆಯ ಮೇಜಿನ ಮೇಲಿಡುತ್ತಿದ್ದೆವು. ಕೇಬಲ್ ವೈರಿಗೆ ಅದಕ್ಕಾಗಿಯೇ ಒಂದು ಸುರುಳಿ ಜಾಸ್ತಿ ಬಿಟ್ಟುಕೊಂಡಿದ್ದೆವು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಶುರುವಾದ ಮೇಲೆ ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ದ ಕೋರ್ಟ್ ದೃಶ್ಯಗಳಿಗೆ ಆ ಜಗಲಿಯಲ್ಲಿ ಎರಡನೇ ನ್ಯಾಯಾಲಯ ಕೂರುತ್ತಿತ್ತು. ವಾದ ಪ್ರತಿವಾದ ನಡೆಯುವಾಗಲೂ ಯಾರ ಕೈಯೂ ನಿಲ್ಲುತ್ತಿರಲಿಲ್ಲ. ಕಣ್ಣು ಪರದೆಯ ಮೇಲೆ, ಕೈ ಕತ್ತಿಯ ಮೇಲೆ, ಸಿಪ್ಪೆ ಒಂದು ಕಡೆ, ಬೇಳೆ ಬುಟ್ಟಿಗೆ. ಜಾಹೀರಾತು ಬಂದಾಗ ಎಲ್ಲರೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದರು: ಯಾರದು ತಪ್ಪು, ನಾಳೆ ಏನಾಗಬಹುದು, ನಮ್ಮ ಊರಿನಲ್ಲಿ ಹೀಗೇ ಆದದ್ದು ಯಾರ ಮನೆಯಲ್ಲಿ. ಮುಂದಿನ ಕಂತಿಗೆ ಎಲ್ಲರೂ ಒಂದೇ ಹೊತ್ತು ಕಾಯಬೇಕಿತ್ತು. ಆ ಕಾಯುವಿಕೆಯೇ ಮರುದಿನದ ಮಾತಿಗೆ ಬಂಡವಾಳ. ಈಗ ಸುಲಿಯುವ ಯಂತ್ರ ಬಂದಿದೆ, ಸೀರಿಯಲ್ಲನ್ನು ಯಾರು ಯಾವಾಗ ಬೇಕಾದರೂ ನೋಡಬಹುದು. ಹಾಗಾದ ಮೇಲೆ ಒಂದೇ ಮನೆಯಲ್ಲಿ ಒಂದೇ ಕಥೆಯನ್ನು ಇಬ್ಬರು ಬೇರೆಬೇರೆ ಕಂತಿನಲ್ಲಿ ನೋಡುತ್ತಿರುತ್ತಾರೆ. ಮುಂದಿನದನ್ನು ಹೇಳಬೇಡ ಎಂದು ಒಬ್ಬರ ಬಾಯಿ ಇನ್ನೊಬ್ಬರು ಮುಚ್ಚಿಸುತ್ತಾರೆ.

ಇವೆಲ್ಲಕ್ಕಿಂತ ದೊಡ್ಡದು ಲೋಕಲ್ ಚಾನೆಲ್. ಕೇಬಲ್ಲಿನವರ ಕಂಟ್ರೋಲ್ ರೂಮಿನಲ್ಲಿ ಒಂದು ವಿಸಿಆರ್, ಒಂದು ಮಾಡ್ಯುಲೇಟರ್ ಇದ್ದರೆ ಚಾನೆಲ್ ಸಿದ್ಧ. ಮದುವೆ ಚಿತ್ರೀಕರಣದ ವಿಡಿಯೋ ಕ್ಯಾಮೆರಾವೇ ಅದರ ಕ್ಯಾಮೆರಾ. ಬಾಳೆಹೊನ್ನೂರಿನ ರಂಭಾಪುರಿ ಪೀಠದ ಜಾತ್ರೆ, ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಯ ಉತ್ಸವ, ಚರ್ಚಿನ ಹಬ್ಬದ ಮೆರವಣಿಗೆ, ಉರೂಸು, ಶೃಂಗೇರಿಯ ನವರಾತ್ರಿ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ, ಶಾಲೆಯ ವಾರ್ಷಿಕೋತ್ಸವ, ಕಾಲೇಜು ಮೈದಾನದ ವಾಲಿಬಾಲ್ ಫೈನಲ್, ರಾತ್ರಿಯಿಡೀ ನಡೆದ ಯಕ್ಷಗಾನ. ಎಲ್ಲವೂ ಎರಡು ಮೂರು ದಿನ ಬಿಟ್ಟು ಟಿವಿಯಲ್ಲಿ ಬರುತ್ತಿತ್ತು. ಚಿತ್ರ ನಡುಗುತ್ತಿತ್ತು, ದನಿ ಗಾಳಿಗೆ ಹರಿಯುತ್ತಿತ್ತು. ಆದರೂ ಅಂದು ರಾತ್ರಿ ಬೇರೆ ಯಾವ ಚಾನೆಲ್ಲಿಗೂ ನಮ್ಮಲ್ಲಿ ಬೆಲೆಯಿರಲಿಲ್ಲ. ‘ಅಕೋ, ನಮ್ಮ ಅತ್ತಿಗೆ ಕಾಣ್ತಾಳೆ’, ‘ಆ ಕೆಂಪು ಅಂಗಿಯವ ನಮ್ಮ ಹುಡುಗ’ ಎನ್ನುವ ಕೂಗು ಮನೆಮನೆಯಿಂದ ಕೇಳುತ್ತಿತ್ತು. ಮಲಯಾಳಂ ಮನೆಯವರು ಜಾತ್ರೆ ನೋಡಿದರು, ಬಸದಿ ಬೀದಿಯವರು ಚರ್ಚಿನ ಮೆರವಣಿಗೆ ನೋಡಿದರು. ಹೆಜ್ಜೆ ಇಟ್ಟು ಒಬ್ಬರ ಹಬ್ಬಕ್ಕೆ ಒಬ್ಬರು ಹೋಗದಿದ್ದವರೂ ಕೂತಲ್ಲಿಂದ ಪರಸ್ಪರರ ಹಬ್ಬವನ್ನು ಅರಿತರು.

ಪರದೆಯ ಕೆಳಗೆ ಹರಿಯುತ್ತಿದ್ದ ಅಕ್ಷರದ ಸಾಲು ಊರಿನ ದಿನಚರಿಯಂತಿತ್ತು. ನಾಳೆ ನಲ್ಲಿ ನೀರು ಬರುವುದಿಲ್ಲ. ಮೆಸ್ಕಾಂನವರು ಮರ ಕಡಿಯುವುದರಿಂದ ಹತ್ತರಿಂದ ಐದರ ತನಕ ಕರೆಂಟಿಲ್ಲ. ಬಸ್ ನಿಲ್ದಾಣದ ಬಳಿ ಕೀ ಗೊಂಚಲು ಸಿಕ್ಕಿದೆ. ಕಪ್ಪು ಹಸುವೊಂದು ಎರಡು ದಿನದಿಂದ ಮನೆಗೆ ಬಂದಿಲ್ಲ, ಕಂಡವರು ತಿಳಿಸಿ. ಆಸ್ಪತ್ರೆಯಲ್ಲಿರುವವರಿಗೆ ರಕ್ತ ಬೇಕು. ಹಿರಿಯರೊಬ್ಬರು ತೀರಿಕೊಂಡಿದ್ದಾರೆ, ಸಂಸ್ಕಾರ ಇಷ್ಟು ಹೊತ್ತಿಗೆ. ಇದಕ್ಕೆ ಜಾತಿಯ ಗುಂಪು, ಪಕ್ಷದ ಗುಂಪು ಎಂಬ ಬೇಲಿ ಇರಲಿಲ್ಲ. ಕೇಬಲ್ ಇದ್ದ ಪ್ರತಿ ಮನೆಗೂ ಅದೇ ಸಾಲು. ವಾಟ್ಸಾಪ್ ಬಂದ ಮೇಲೆ ಸುದ್ದಿ ಬೇಗ ಬರುತ್ತದೆ, ನಿಜ. ಆದರೆ ನಾವು ಯಾವ ಗುಂಪಿನಲ್ಲಿಲ್ಲವೋ ಆ ಗುಂಪಿನವರ ಮನೆಯ ಸಾವು ನಮಗೆ ಈಗ ತಿಥಿಯಾದ ಮೇಲೆ ಗೊತ್ತಾಗುತ್ತದೆ.

ದುಡ್ಡಿನ ವ್ಯವಹಾರವೂ ಊರಿನ ಹದದಲ್ಲೇ ಇತ್ತು. ಪ್ರತಿ ಮನೆಯಲ್ಲೂ ಮೊಳೆಗೆ ನೇತುಹಾಕಿದ ಒಂದು ರಟ್ಟಿನ ಕಾರ್ಡು, ಅದರಲ್ಲಿ ಹನ್ನೆರಡು ತಿಂಗಳ ಹನ್ನೆರಡು ಮನೆ. ವಸೂಲಿಗೆ ಬಂದ ಹುಡುಗ ದುಡ್ಡು ಎಣಿಸಿಕೊಂಡು ಒಂದು ಮನೆಯಲ್ಲಿ ಸಹಿ ಹಾಕುತ್ತಿದ್ದ, ನೀರು ಕುಡಿದು ಹೋಗುತ್ತಿದ್ದ. ಕೈಯಲ್ಲಿ ದುಡ್ಡಿಲ್ಲದಿದ್ದರೆ ‘ಅಡಿಕೆ ಕೊಟ್ಟ ಮೇಲೆ ಬಾರಪ್ಪ’ ಎಂದರೆ ಸಾಕಿತ್ತು. ಮೂರು ತಿಂಗಳ ಮನೆ ಖಾಲಿ ಉಳಿದರೂ ಸೀರಿಯಲ್ ನಿಲ್ಲುತ್ತಿರಲಿಲ್ಲ. ಬೆಳೆಗೊಮ್ಮೆ ದುಡ್ಡು ಕಾಣುವ ಊರಿಗೆ ತಕ್ಕ ಸಾಲ ಅದು. ಈಗ ರೀಚಾರ್ಜ್ ಅವಧಿ ಮುಗಿದ ರಾತ್ರಿಯೇ ಪರದೆ ಕಪ್ಪಾಗುತ್ತದೆ. ಅಡಿಕೆಯ ಧಾರಣೆ ಕೇಳಿ ಬಿಲ್ಲಿಗೆ ಕಾಯುವ ಆ್ಯಪ್ ಇಲ್ಲ.

ಈ ಲೋಕ ಇಂಟರ್ನೆಟ್ ಬಂದದ್ದರಿಂದಲೇ ಕುಸಿಯಿತು ಎಂದು ಹೆಚ್ಚಿನವರು ತಿಳಿದಿದ್ದಾರೆ. ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು. 1995ರ ಕೇಬಲ್ ಕಾಯ್ದೆಯಡಿ ಆಪರೇಟರುಗಳು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡು ತಮ್ಮದೇ ಕಂಟ್ರೋಲ್ ರೂಮ್ ನಡೆಸುತ್ತಿದ್ದರು. ಮುಂದೆ ಡಿಜಿಟಲ್ ಪ್ರಸಾರ ಕಡ್ಡಾಯವಾಯಿತು. 2012ರಲ್ಲಿ ಮಹಾನಗರಗಳಿಂದ ಶುರುವಾದ ಆ ಬದಲಾವಣೆಯ ಕೊನೆಯ ಗಡುವು ನಮ್ಮಂಥ ಊರುಗಳಿಗೆ 2017ರ ಮಾರ್ಚ್ 31. ಸಿಗ್ನಲ್ಲನ್ನು ಡಿಜಿಟಲ್ ಮಾಡಿ ಬೀಗ ಹಾಕಿ ಕಳಿಸುವ ಯಂತ್ರಸಾಮಗ್ರಿಯ ಬೆಲೆ ಸಣ್ಣ ಊರಿನ ಆಪರೇಟರಿಗೆ ಎಟುಕುವಂಥದಲ್ಲ. ಹಾಗಾಗಿ ಸಿಗ್ನಲ್ ದೂರದ ಪಟ್ಟಣದ ದೊಡ್ಡ ಕಂಪನಿಗಳಿಂದ ಬರತೊಡಗಿತು. ಮಹಡಿಯ ಮೇಲಿನ ಡಿಶ್ ಗುಜರಿಗೆ ಹೋಯಿತು. ಸ್ವಂತ ಪ್ರಸಾರ ಕೇಂದ್ರವಿದ್ದವರು ಬಾಕ್ಸ್ ಕೊಟ್ಟು ಬಾಡಿಗೆ ವಸೂಲಿ ಮಾಡುವ ಏಜೆಂಟರಾದರು. ಕಂಟ್ರೋಲ್ ರೂಮಿಗೆ ಬೀಗ ಬಿದ್ದಾಗ ವಿಸಿಆರ್ ಇಡುವ ಜಾಗವೂ ಹೋಯಿತು. ಅಲ್ಲೊಂದು ಇಲ್ಲೊಂದು ಲೋಕಲ್ ಚಾನೆಲ್ ಹೊಸ ವ್ಯವಸ್ಥೆಯಲ್ಲೂ ಜಾಗ ಹಿಡಿದು ಉಳಿದಿದೆ. ಬಹಳಷ್ಟು ಸದ್ದಿಲ್ಲದೆ ನಿಂತವು. 2025ರ ಜನವರಿಯಿಂದ ಆಪರೇಟರುಗಳ ನೋಂದಣಿಯೂ ಅಂಚೆ ಕಚೇರಿ ಬಿಟ್ಟು ಕೇಂದ್ರದ ಆನ್‌ಲೈನ್ ಪೋರ್ಟಲ್ಲಿಗೆ ಹೋಯಿತು.

ಇನ್ನು ಎಲ್ಲರೂ ಹಾಕುವ ಲೆಕ್ಕವನ್ನು ನಾನೂ ಹಾಕುತ್ತೇನೆ. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಲ್ಲಿ ಕೇಬಲ್ಲಿನ ಮೂಲ ಶುಲ್ಕ ಗರಿಷ್ಠ 130 ರೂಪಾಯಿ ಇತ್ತು, ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ಅದರ ಮೇಲೆ ನಾಲ್ಕು ಕನ್ನಡ ಮನರಂಜನಾ ಚಾನೆಲ್ಲುಗಳನ್ನು ತಲಾ 19 ರೂಪಾಯಿಯಂತೆ ತೆಗೆದುಕೊಂಡರೂ ತೆರಿಗೆ ಸೇರಿ ತಿಂಗಳಿಗೆ ಸುಮಾರು 243 ರೂಪಾಯಿ, ವರ್ಷಕ್ಕೆ ಮೂರು ಸಾವಿರದ ಒಳಗೆ. ಇತ್ತ ಫೈಬರಿನ ಆರಂಭದ ಪ್ಲಾನುಗಳು ಜಿಯೋದಲ್ಲಿ 399, ಬಿಎಸ್‌ಎನ್‌ಎಲ್‌ನಲ್ಲಿ 449, ಏರ್‌ಟೆಲ್‌ನಲ್ಲಿ 499 ರೂಪಾಯಿಯಂತೆ ಬಂದವು, ಎಲ್ಲಕ್ಕೂ ಶೇ. 18 ತೆರಿಗೆ ಬೇರೆ. ಅತಿ ಅಗ್ಗದ್ದನ್ನು ಹಿಡಿದರೂ ವರ್ಷಕ್ಕೆ ಸುಮಾರು 5,650. ಅದರ ಮೇಲೆ ಪ್ರೈಮ್ 1,499, ಜಿಯೋಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಶುರುವಾದಾಗಿನ ನಡುವಿನ ಪ್ಲಾನಿಗೆ 899, ನೆಟ್‌ಫ್ಲಿಕ್ಸ್‌ನ ತಿಂಗಳ 199ರ ಪ್ಲಾನಿಗೆ ವರ್ಷಕ್ಕೆ 2,388. ಒಟ್ಟು ಹತ್ತು ಸಾವಿರ ದಾಟುತ್ತದೆ. ಇಷ್ಟಾದರೂ ಮನೆಯ ಹಿರಿಯರ ನಾಲ್ಕು ಕನ್ನಡ ಚಾನೆಲ್ ಪೂರ್ತಿ ಬಂದಿಲ್ಲ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ ಧಾರಾವಾಹಿ ಒಂದು ಆ್ಯಪ್‌ನಲ್ಲಿ, ಜೀ ಕನ್ನಡದ್ದು ಜೀ5ರಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಒಂದೇ ವೈರಿನಲ್ಲಿ ಬರುತ್ತಿದ್ದ ಸಂಜೆಗೆ ಮೂರು ಬಾಗಿಲು, ಮೂರು ಪಾಸ್‌ವರ್ಡ್. ರಿಮೋಟಿನ ಎರಡು ಗುಂಡಿ ಬಲ್ಲ ಅಜ್ಜಿ ಮೊಮ್ಮಗ ಬರುವ ತನಕ ಕಾಯಬೇಕು.

ಫೈಬರ್ ಕೊಟ್ಟದ್ದನ್ನು ನಾನು ಅಲ್ಲಗಳೆಯುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಆನ್‌ಲೈನ್ ತರಗತಿಗೋಸ್ಕರ ಪ್ಲಾಸ್ಟಿಕ್ ಹೊದ್ದು ಗುಡ್ಡ ಹತ್ತಿ ಕೂತದ್ದನ್ನು ನೋಡಿದವರು ನಾವು. ಈಗ ಬೆಂಗಳೂರಿನ ಕೆಲಸವನ್ನು ತೋಟದ ಮನೆಯ ಜಗಲಿಯಿಂದಲೇ ಮಾಡುವ ಮಕ್ಕಳಿದ್ದಾರೆ. ಹದಿನೈದು ವರ್ಷಗಳಿಂದ ವಯಸ್ಸಾದ ಇಬ್ಬರೇ ಇದ್ದ ಮನೆಗಳಲ್ಲಿ ಮತ್ತೆ ದೀಪ ಹೆಚ್ಚಾಗಿದೆ. ಅದು ಸಣ್ಣ ಉಪಕಾರವಲ್ಲ. ಆ ಫೈಬರನ್ನು ಎಳೆದು ತರುತ್ತಿರುವವರಲ್ಲೂ ಹಳೆಯ ಕೇಬಲ್ಲಿನವರೇ ಅನೇಕರು. ಬಿಎಸ್‌ಎನ್‌ಎಲ್ ಫೈಬರ್ ಮನೆ ಸೇರುವುದು ಅಂಥ ಸ್ಥಳೀಯ ಪಾಲುದಾರರ ಕೈಯಿಂದ. ಏಣಿ ಅದೇ, ಕಂಬ ಅದೇ, ಮಳೆ ಅದೇ. ಆದರೆ ಅವರು ತರುವ ವೈರಿನೊಳಗೆ ಏನು ಹರಿಯಬೇಕೆಂದು ಹೇಳುವ ಅಧಿಕಾರ ಅವರಿಗಿಲ್ಲ. ದೇಶದಲ್ಲಿ ಹಣ ಕೊಟ್ಟು ನೋಡುವ ಡಿಟಿಎಚ್ ಚಂದಾದಾರರೇ 2021ರ ಸುಮಾರು 7 ಕೋಟಿಯಿಂದ 2024ರ ಮಾರ್ಚ್ ಹೊತ್ತಿಗೆ 6.2 ಕೋಟಿಗೆ ಇಳಿದಿದ್ದಾರೆ. ಸಣ್ಣ ಊರಿನ ಕೇಬಲ್ ಇನ್ನೆಷ್ಟು ದಿನ?

ಕೇಬಲ್ ವಾಪಸು ಬರಲಿ ಎಂದು ನಾನು ಕೇಳುತ್ತಿಲ್ಲ, ಅದು ಬರುವುದೂ ಇಲ್ಲ. ಉಳಿಸಿಕೊಳ್ಳಬಹುದಾದದ್ದು ಒಂದಿದೆ, ಅದಕ್ಕೆ ಕಾಲ ಮೀರುತ್ತಿದೆ. ಲೋಕಲ್ ಚಾನೆಲ್ಲಿಗಾಗಿ ಚಿತ್ರೀಕರಿಸಿದ ಕ್ಯಾಸೆಟ್ಟುಗಳು ಇನ್ನೂ ಎಲ್ಲೋ ಅಟ್ಟದ ಮೇಲೆ, ಮುಚ್ಚಿದ ಕಂಟ್ರೋಲ್ ರೂಮಿನ ಕಪಾಟಿನಲ್ಲಿ, ಸ್ಟುಡಿಯೋಗಳ ರಟ್ಟಿನ ಪೆಟ್ಟಿಗೆಗಳಲ್ಲಿ ಬಿದ್ದಿವೆ. ಮಲೆನಾಡಿನ ತೇವಕ್ಕೆ ವಿಎಚ್‌ಎಸ್ ಟೇಪಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಬೂಷ್ಟು ಹಿಡಿದ ಟೇಪನ್ನು ಹಾಗೇ ಓಡಿಸಿದರೆ ಹರಿಯುತ್ತದೆ, ಯಂತ್ರವೂ ಕೆಡುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ತಯಾರಿಕೆಯನ್ನೇ ನಿಲ್ಲಿಸಿತು. ಓಡುವ ಯಂತ್ರ, ಓಡಿಸಬಲ್ಲ ಕೈ ಎರಡೂ ವರ್ಷ ವರ್ಷ ಕಡಿಮೆಯಾಗುತ್ತಿವೆ. ಆ ಟೇಪುಗಳಲ್ಲಿರುವುದು ನಮ್ಮ ತೀರಿಹೋದ ಮೇಷ್ಟರ ಭಾಷಣ, ಈಗಿಲ್ಲದ ಭಾಗವತರ ಪದ, ಅಗಲವಾಗುವ ಮೊದಲಿನ ಪೇಟೆ ಬೀದಿ, ನಮ್ಮ ಅಮ್ಮಂದಿರ ಹರೆಯದ ನಗು. ಜಗತ್ತಿನ ಯಾವ ಆ್ಯಪ್‌ಗೂ ಇದು ಬೇಕಿಲ್ಲ. ಬೇಕಿರುವುದು ನಮಗೆ ಮಾತ್ರ.

ಕಾಲೇಜುಗಳ ಹುಡುಗರು, ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು, ಪಂಚಾಯಿತಿ ಗ್ರಂಥಾಲಯಗಳು ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಹಳೆಯ ಕೇಬಲ್ಲಿನವರನ್ನು ಹುಡುಕಿ ಹೋಗಿ, ಅವರಲ್ಲಿರುವ ಕ್ಯಾಸೆಟ್ಟುಗಳನ್ನು ಗೌರವದಿಂದ ಕೇಳಿ ಪಡೆದು, ಒಣಗಿಸಿ, ಒರೆಸಿ, ಕಂಪ್ಯೂಟರಿಗೆ ಇಳಿಸಬೇಕು. ಯಾವ ವರ್ಷ, ಯಾವ ಉತ್ಸವ, ಯಾರ್ಯಾರು ಇದ್ದಾರೆ ಎಂಬುದನ್ನು ಗುರುತಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ; ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದಿಟ್ಟುಕೊಳ್ಳಬೇಕು. ಒಂದು ಕಾಲದಲ್ಲಿ ಸಾಲ ಮಾಡಿ ಡಿಶ್ ತಂದ ನಾಲ್ಕು ಹುಡುಗರ ಧೈರ್ಯದಿಂದ ಈ ಊರಿಗೆ ತನ್ನದೇ ಚಾನೆಲ್ ಬಂತು. ತಿಂಗಳಿಗೆ ಐನೂರು ರೂಪಾಯಿಯ ಫೈಬರ್ ಹಾಕಿಸಿಕೊಂಡು, ಲೋಕದ ಸಿನಿಮಾಗಳನ್ನೆಲ್ಲ ಮನೆಯಲ್ಲೇ ಕೂತು ನೋಡುವ ನಾವು ಆ ಚಾನೆಲ್ಲಿನ ಟೇಪುಗಳನ್ನಾದರೂ ಬರುವ ಮಳೆಗಾಲಕ್ಕೆ ಮುಂಚೆ ಅಟ್ಟದಿಂದ ಇಳಿಸಬೇಕು.